ಉಪದೇಶಿ ಚೌರಪ್ಪನವರ ಕಲ್ಲುಗಳು

ತಮ್ಮ ಮಾತಿಗೆ ಯಾರಾದರೂ ಒಮ್ಮೆಗೇ ತಲೆದೂಗಿಬಿಟ್ಟರೆ ಚೌರಪ್ಪನವರ ಮುಖ ಕಪ್ಪಿಡುತ್ತಿತ್ತು. ವಿರೋಧವನ್ನು ಅವರು ಸಹಿಸುತ್ತಿದ್ದರು, ವಿತಂಡವಾದವನ್ನಂತೂ ಒಂದು ಬಗೆಯ ಆತ್ಮೀಯತೆಯಿಂದಲೇ ಬರಮಾಡಿಕೊಳ್ಳುತ್ತಿದ್ದರು; ಸಮ್ಮತಿ ಮಾತ್ರ ಅವರಿಗೆ ಆಗಿಬರುತ್ತಿರಲಿಲ್ಲ. ಎದುರಿಗಿದ್ದವರು ಹೌದೆಂದ ಕೂಡಲೇ ಕತ್ತನ್ನು ಎಡಕ್ಕೆ ವಾಲಿಸಿ, ಒಂದು ಕಣ್ಣನ್ನು ಕಿರಿದುಮಾಡಿ, “ಅಂಗಂತೀರಾ?” ಎನ್ನುವರು. ಆ ಒಂದೇ ಪ್ರಶ್ನೆಯೆದುರು, ಸತ್ಯವನ್ನೇ ನುಡಿದವರೂ ತಡವರಿಸಿದ್ದನ್ನು ನಾನು ಕಂಡಿದ್ದೇನೆ. ಮಧ್ಯಾಹ್ನ ಮನೆಯಿಂದ ಊಟ ಮಾಡಿಕೊಂಡೇ ಹೋಗಿದ್ದ ನನಗೂ ಒಮ್ಮೆ, ಅವರು ಹಾಗೆ ಕೇಳಿದ ಮೇಲೆ, ಉಂಡದ್ದು ನಿಜವೇ ಎಂಬ ಸಂದೇಹ ಹುಟ್ಟಿತ್ತು.

ಜಕ್ಕೂರು ಕೆರೆಯ ಹಿಂಬದಿಯಲ್ಲಿ, ಅಪಾರ್ಟ್‌ಮೆಂಟುಗಳ ಕಾಂಪೌಂಡ್ ಗೋಡೆಗಳ ನಡುವೆ ಸಿಕ್ಕಿಕೊಂಡು ಉಳಿದಿರುವ ಒಂದು ಹಳೆಯ ಕೇರಿಯಿದೆ. ಅಲ್ಲಿಯ ಕನ್ನಡ ಕಥೋಲಿಕ ಮನೆತನಗಳ ನೆನಪುಗಳನ್ನು ಧ್ವನಿಮುದ್ರಿಸಿಕೊಳ್ಳಲು ಹೋದಾಗ ನನಗೆ ಅವರ ಪರಿಚಯವಾಯಿತು. ಸಂತ ಶೌರಿಯ ಹೆಸರು ಆ ಮಣ್ಣಿನಲ್ಲಿ ಉರುಳಿ ಉರುಳಿ ಚೌರಪ್ಪ ಎಂದಾಗಿದೆ. ಹಾಗೆಯೇ ಅಲ್ಲಿ ಇನ್ನಾಸಪ್ಪ ಇದ್ದಾರೆ, ರಾಯಪ್ಪ ಇದ್ದಾರೆ. ಅವರ ಮೊಮ್ಮಕ್ಕಳ ಹೆಸರುಗಳು ಮಾತ್ರ ಯಾವ ಊರಿಗಾದರೂ ಸಲ್ಲುವಂಥವು. ಚೌರಪ್ಪನವರು ನಗರದ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆಯ ಕೆಲಸ ಮಾಡಿ ನಿವೃತ್ತರಾದವರು. ಭಾನುವಾರಗಳಲ್ಲಿ ಕೇರಿಯ ಚರ್ಚಿನ ಧರ್ಮಕೇಂದ್ರದಲ್ಲಿ ಉಪದೇಶಿ, ಅಂದರೆ ಕ್ರೈಸ್ತರಾಗಲು ದೀಕ್ಷಾಸ್ನಾನ ಬಯಸಿ ಬರುವ ವಯಸ್ಕರಿಗೆ ಧರ್ಮಪಾಠ ಹೇಳುವವರು.

ವೃತ್ತಿ ಅವರ ಮೈಯನ್ನು ಬಿಟ್ಟಿರಲಿಲ್ಲ. ನಿಂತ ನೆಲ ಯಾವ ಕ್ಷಣದಲ್ಲಾದರೂ ಕುಲುಕಬಹುದೆಂಬಂತೆ ಕಾಲುಗಳನ್ನು ಅಗಲಿಸಿ ನಡೆಯುವರು. ಚರ್ಚಿನ ಬೆಂಚುಗಳ ನಡುವಿನ ಹಾದಿಯಲ್ಲಿ ಬರುವಾಗ ಪ್ರತಿ ಬೆಂಚಿನ ಬೆನ್ನನ್ನೂ ಒಮ್ಮೆ ಮುಟ್ಟಿ, ಕೂತವರ ಕೈಗಳನ್ನೊಮ್ಮೆ ನೋಡಿ ಮುಂದೆ ಸರಿಯುವರು. ಸಮವಸ್ತ್ರದ ಖಾಕಿ ಕೋಟನ್ನು ಕಡುನೀಲಿ ಬಣ್ಣದಲ್ಲಿ ಅದ್ದಿಸಿ, ಬೇಸಿಗೆಯಲ್ಲೂ ತೊಡುತ್ತಿದ್ದರು. ಬಿಲ್ಲೆ ಇದ್ದ ಜಾಗದಲ್ಲಿ ಬಟ್ಟೆ ಬೇರೆಯೇ ಬಣ್ಣ ಹಿಡಿದು, ಎದೆಯ ಮೇಲೆ ಒಂದು ಚೌಕ ಹಾಗೇ ಉಳಿದುಹೋಗಿತ್ತು.

ಧರ್ಮಪಾಠದ ಕೋಣೆ ಚರ್ಚಿನ ಹಿಂದುಗಡೆ. ಕ್ರಿಸ್ಮಸ್ಸಿನ ಗೋದಲಿಯ ಬೊಂಬೆಗಳನ್ನು ವರ್ಷವಿಡೀ ಇಡುವುದೂ ಅಲ್ಲಿಯೇ. ಆದ್ದರಿಂದ ಕಲಿಯಬಂದವರು ಮೂವರು ಜ್ಞಾನಿಗಳ, ಕುರಿಗಳ, ಕಿವಿ ಮುರಿದ ಒಂದು ಒಂಟೆಯ ಸಹವಾಸದಲ್ಲಿ ಕೂರಬೇಕು. ಫ್ಲೈಯಿಂಗ್ ಕ್ಲಬ್ಬಿನ ಸಣ್ಣ ವಿಮಾನ ತಲೆಯ ಮೇಲೆ ಹಾದಾಗ ಪಾಠ ನಿಲ್ಲುತ್ತಿತ್ತು, ಅದು ದೂರವಾದ ಮೇಲೆ ನಿಂತ ಶಬ್ದದಿಂದಲೇ ಮುಂದುವರಿಯುತ್ತಿತ್ತು. ಅಲ್ಲಿಗೆ ಬರುವವರ ಬಗ್ಗೆ ಚೌರಪ್ಪನವರಿಗೆ ಭ್ರಮೆಗಳಿರಲಿಲ್ಲ. ಮದುವೆಗಾಗಿ ಬರುವವರುಂಟು, ಮಗುವಿಗೆ ಶಾಲೆಯ ಸೀಟಿಗೆಂದು ಬರುವವರುಂಟು, ಜಗಳವಾಡಿದ ನೆಂಟರ ಹೊಟ್ಟೆ ಉರಿಸಲೆಂದೇ ಬಂದವನೊಬ್ಬನೂ ಇದ್ದನಂತೆ. ಕಾಲ ಬೇರೆ ಬದಲಾಗಿತ್ತು. ಯಾರು ಕಲಿಯಲು ಬರುತ್ತಾರೆ, ಯಾರು ನೋಡಿಕೊಂಡು ಹೋಗಿ ಮತಾಂತರವೆಂದು ದೂರು ಕೊಡಲು ಬರುತ್ತಾರೆ ಎಂಬುದು ತಿಳಿಯದಾಗಿತ್ತು.

ಹೀಗಾಗಿ ಅವರು ಒಂದು ಪದ್ಧತಿಯನ್ನು ಕಂಡುಕೊಂಡಿದ್ದರು. ಪ್ರತಿ ಪಾಠದಲ್ಲೂ ಒಂದು ಸುಳ್ಳನ್ನು, ಅಕ್ಕಿಯಲ್ಲಿ ಕಲ್ಲು ಬೆರೆಸಿದಂತೆ, ಸದ್ದಿಲ್ಲದೆ ಸೇರಿಸುವರು. ಎರಡು ರೊಟ್ಟಿ, ಐದು ಮೀನುಗಳಿಂದ ಯೇಸು ಜನಸ್ತೋಮವನ್ನು ಉಣಿಸಿದರು ಎನ್ನುವರು; ಗ್ರಂಥದಲ್ಲಿರುವುದು ಐದು ರೊಟ್ಟಿ, ಎರಡು ಮೀನು. ಯೇಸುವಿಗೆ ಮರಣದಂಡನೆ ವಿಧಿಸಿದ ಪಿಲಾತನು ಎಲ್ಲರ ಮುಂದೆ ನೀರು ತರಿಸಿ ಕೈ ತೊಳೆದುಕೊಂಡ ಎನ್ನಬೇಕಾದಲ್ಲಿ ಕಾಲು ತೊಳೆದುಕೊಂಡ ಎನ್ನುವರು. ಮನೆಯಲ್ಲಿ ಓದಿ ಬಂದವರು ಕೈಯೆತ್ತಿ “ಕಲ್ಲು!” ಎನ್ನಬೇಕು. ಎಲ್ಲವನ್ನೂ ನುಂಗಿ ಕೂತವರ ಪರವಾಗಿ ಅವರು ಸಾಕ್ಷಿ ಹೇಳುತ್ತಿರಲಿಲ್ಲ. ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದ ಮೊದಲ ಭಾನುವಾರ, ದೀಕ್ಷಾರ್ಥಿಗಳ ಹೆಸರುಗಳನ್ನು ಚರ್ಚಿನ ಗುರುಗಳು ಸಭೆಯ ಮುಂದೆ ಕೂಗಿದಾಗ, ಪ್ರತಿ ಹೆಸರಿಗೂ ಉಪದೇಶಿ ಎದ್ದು ನಿಂತು “ಸಾಕ್ಷಿ ಇದೆ” ಎನ್ನಬೇಕೆಂಬುದು ಆ ಧರ್ಮಕೇಂದ್ರದ ರೂಢಿ. ಅವರು ಏಳದೆ ಕೂತರೆ ಆ ವ್ಯಕ್ತಿ ಮತ್ತೊಂದು ವರ್ಷ ಒಂಟೆಯ ಪಕ್ಕ ಕೂರಬೇಕು.

“ಟಿಕೆಟ್ ತಗಂಡೋನು ಟಿಕೆಟ್ ಎಲ್ಲಿಟ್ಟೆ ಅಂತ ಜೇಬೆಲ್ಲಾ ತಡಕ್ತಾನೆ. ತಗಳದೋನು ಕಿಟಕಿಯಿಂದ ಆಚೆ ನೋಡ್ತಾನೆ. ದೇವರ ಇಚಾರದಾಗೂ ಅಂಗೇಯ” ಎಂದು ಅವರು ನನ್ನೆದುರು ಈ ಪದ್ಧತಿಯನ್ನು ಸಮರ್ಥಿಸಿಕೊಂಡಿದ್ದರು.

ವೇದವತಿಯವರು ಬಂದದ್ದು ಈ ಕೋಣೆಗೆ. ಆರ್.ಟಿ. ನಗರದ ಹಳೆಯ ಬಡಾವಣೆಯವರು, ಅವಿವಾಹಿತೆ, ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಸೇರಿ ಅಲ್ಲಿಯೇ ನಿವೃತ್ತರಾದವರು. ಗಂಜಿ ಹಾಕಿದ ಹತ್ತಿ ಸೀರೆಯ ನಿರಿ ಕದಲದಂತೆ ಒಂಟೆಯ ಪಕ್ಕದ ಕುರ್ಚಿಯಲ್ಲಿ ಕೂತು, ಕಣ್ಣು ಅರೆಮುಚ್ಚಿ, ಪಾಠಕ್ಕೆಲ್ಲ ನಿಧಾನವಾಗಿ ತಲೆದೂಗುತ್ತಿದ್ದರು. ಎರಡು ರೊಟ್ಟಿಗೂ ತಲೆದೂಗಿದರು, ಪಿಲಾತನ ಕಾಲಿಗೂ ತಲೆದೂಗಿದರು. ಚೌರಪ್ಪನವರ ಅನುಮಾನ ಅಂದಿನಿಂದಲೇ ಬೇರುಬಿಟ್ಟಿತು. ಇವರಿಗೆ ಮದುವೆಯ ಹಂಗಿಲ್ಲ, ಸೀಟು ಕೊಡಿಸಬೇಕಾದ ಮಕ್ಕಳಿಲ್ಲ; ಹಾಗಿದ್ದರೆ ಇಷ್ಟು ದೂರ ಬರುವುದೇಕೆ?

“ಯಾಕ್ ಬತ್ತೀರಮ್ಮಾ?” ಎಂದು ಅವರು ನೇರವಾಗಿಯೇ ಕೇಳಿದರು.

“ಇಡೀ ಸರ್ವೀಸು ಬೇರೆಯವರ ಮಾತುಗಳನ್ನ ಜೋಡಿಸಿಕೊಟ್ಟೆ ಕಣ್ರೀ. ನನಗೇ ಅಂತ ಒಂದು ಮಾತು ಇದೆಯಾ ನೋಡೋಣ ಅಂತ ಬಂದೆ.”

“ಅಂಗಂತೀರಾ?” ಎಂದರು ಚೌರಪ್ಪ. ಉತ್ತರ ಚೆನ್ನಾಗಿತ್ತು, ಚೆನ್ನಾಗಿದ್ದ ಕಾರಣಕ್ಕೇ ಅವರಿಗೆ ಅದು ಮೊದಲೇ ಸಿದ್ಧಪಡಿಸಿಟ್ಟುಕೊಂಡದ್ದರಂತೆ ಕೇಳಿಸಿತು.

ಒಂದು ಭಾನುವಾರ ಚೌರಪ್ಪನವರು, ವೇದವತಿಯವರು ಹತ್ತಿದ ಬಸ್ಸಿಗೇ ಹಿಂದಿನ ಬಾಗಿಲಿನಿಂದ ಹತ್ತಿದರು. ಹೆಬ್ಬಾಳ ದಾಟುವವರೆಗೂ ಯಾರದೋ ಭುಜದ ಮರೆಯಲ್ಲಿ ನಿಂತು, ಆಕೆ ಫೋನ್ ತೆಗೆಯುತ್ತಾರೋ, ಯಾರೊಡನೆಯಾದರೂ ಪಿಸುಗುಟ್ಟುತ್ತಾರೋ ಎಂದು ಕಾದರು. ವೇದವತಿಯವರು ತಮ್ಮ ನಿಲ್ದಾಣದಲ್ಲಿ ಇಳಿದವರು ಅಲ್ಲಿಯೇ ನಿಂತು, ಬಸ್ಸಿನೊಳಗೆ ನೋಡಿ ಕರೆದರು:

“ಇಳೀರಿ ಉಪದೇಶಿಗಳೇ. ಇಷ್ಟು ದೂರ ಬಂದಿದೀರಾ, ಕಾಫಿ ಕುಡಿದು ಹೋಗಿ.”

ಆ ಮನೆಯಲ್ಲಿ ಆಕೆಯ ತಮ್ಮ ಶ್ರೀಕಾಂತ್ ಇದ್ದರು. ಕಾಫಿಯ ಲೋಟ ಇನ್ನೂ ಕೈಗೆ ಬಂದಿರಲಿಲ್ಲ, ಅಷ್ಟರಲ್ಲೇ ಅವರು ಕೇಳಿಬಿಟ್ಟರು: “ನಮ್ಮಕ್ಕಂಗೆ ಏನ್ ಕೊಡ್ತೀನಿ ಅಂದಿದೀರಾ ನೀವು?”

“ನಾನೂ ಅದನ್ನೇ ಕೇಳ್ತಾ ಇವ್ನಿ ಸ್ವಾಮಿ, ಏನ್ ಬೇಕು ಅಂತ. ಈಯಮ್ಮ ಬಾಯೇ ಬಿಡ್ತಿಲ್ಲ.”

“ಸುಮ್ನೆ ಹೇಳ್ಬೇಡಿ. ಏನೂ ಆಸೆ ತೋರಿಸದೇ ಯಾರಾದ್ರೂ ಅಲ್ಲೀತಂಕ ಬರ್ತಾರಾ?”

“ಅದೇ ನಂಗೂ ಅನುಮಾನ!”

ಒಂದೇ ಪ್ರಶ್ನೆಯನ್ನು ಎರಡು ದಿಕ್ಕಿನಿಂದ ಹಿಡಿದೆಳೆಯುತ್ತಿದ್ದ ಆ ಇಬ್ಬರ ನಡುವೆ ವೇದವತಿಯವರು ಚಕ್ಕುಲಿಯ ತಟ್ಟೆಯಿಟ್ಟು, “ಇಬ್ರೂ ಸೇರಿ ಕಂಡುಹಿಡೀರಿ, ಆಮೇಲೆ ನಂಗೂ ಹೇಳಿ” ಎಂದು ಒಳಗೆ ಹೋದರಂತೆ. ಚೌರಪ್ಪನವರು ಶ್ರೀಕಾಂತರ ಬಗ್ಗೆ ಗೌರವವನ್ನೇ ತಳೆದು ಹಿಂದಿರುಗಿದರು. ಆ ಮನುಷ್ಯ ತಮ್ಮ ಇಲಾಖೆಯಲ್ಲಿರಬೇಕಿತ್ತು ಎಂದು ನನಗೆ ಹೇಳಿದರು. ಆ ವರ್ಷ ಅವರು ವೇದವತಿಯವರ ಹೆಸರಿಗೆ ಏಳಲಿಲ್ಲ. ಮರುವರ್ಷವೂ ಏಳಲಿಲ್ಲ. ವೇದವತಿಯವರು ಅದಕ್ಕೂ ತಲೆದೂಗಿ, ಮುಂದಿನ ಭಾನುವಾರ ಮತ್ತೆ ಒಂಟೆಯ ಪಕ್ಕ ಬಂದು ಕೂತರು. ಮೂರನೆಯ ಬಾರಿಯೂ ಕಲ್ಲು ಎತ್ತದಿದ್ದರೆ ಮನೆಗೆ ಕಳಿಸಿಬಿಡುವುದೆಂದು ಉಪದೇಶಿಗಳು ನಿಶ್ಚಯಿಸಿದ್ದರು.

ಮೂರನೆಯ ವರ್ಷದ ತಪಸ್ಸುಕಾಲಕ್ಕೆ ಹಿಂದಿನ ಭಾನುವಾರ ಶಿಲುಬೆಯ ಹಾದಿಯ ಪಾಠ. ಯೇಸು ಭಾರ ತಾಳದೆ ಬಿದ್ದಾಗ ಅವರ ಶಿಲುಬೆಗೆ ಹೆಗಲು ಕೊಟ್ಟವನು ಶಿಷ್ಯ ಪೇತ್ರ ಎಂದು ಚೌರಪ್ಪನವರು ಹೇಳಿದರು. ಹೆಗಲು ಕೊಟ್ಟವನು ಶಿಷ್ಯನಲ್ಲ, ಊರಿಗೆ ಬರುತ್ತಿದ್ದ ಯಾವನೋ ದಾರಿಹೋಕ. ಪೇತ್ರನಾದರೋ ಆ ವೇಳೆಗೆ ಯೇಸುವನ್ನು ಅರಿಯೆನೆಂದು ಹೇಳಿ ತಪ್ಪಿಸಿಕೊಂಡಿದ್ದವನು. ಕೇರಿಯ ಶೀತಲ್ ಎಂಬ ಹುಡುಗಿಯನ್ನು ಮದುವೆಯಾಗಲು ಪಾಠಕ್ಕೆ ಬರುತ್ತಿದ್ದ ಗಿರಿ ಕುರ್ಚಿಯಿಂದ ಹಾರಿದ.

“ಕಲ್ಲು! ಕಲ್ಲು! ಸಿಕ್ಕಿಹಾಕ್ಕೊಂಡ್ರಲ್ಲ ಸಾರ್!”

ಅಂದಿನ ಕಲ್ಲನ್ನು ಚೌರಪ್ಪನವರು ಇನ್ನೂ ಹಾಕಿಯೇ ಇರಲಿಲ್ಲ. ಪಾಠದ ಕೊನೆಗೆಂದು ಇಟ್ಟುಕೊಂಡಿದ್ದರು. ಕೋಣೆಯಲ್ಲಿ ಚಪ್ಪಾಳೆ ಬಿತ್ತು. ಅವರೂ ನಕ್ಕು, “ಭೇಷ್ ಕಣಪ್ಪಾ” ಎಂದು ಪಾಠ ಮುಗಿಸಿದರು.

ಎಲ್ಲರೂ ಹೋದ ಮೇಲೂ ವೇದವತಿಯವರು ಎದ್ದಿರಲಿಲ್ಲ.

“ಇವತ್ತಿನದು ಕಲ್ಲಲ್ಲ ಅಲ್ವಾ?” ಎಂದರು.

“ಅಂಗಂತೀರಾ?” ಎಂದರು ಇವರು. ಆ ಮಾತು ಮೊದಲ ಬಾರಿಗೆ ಪ್ರಶ್ನೆಯಂತೆಯೇ ಹೊರಬಿತ್ತೆಂದು ಅವರೇ ನನಗೆ ಹೇಳಿದ್ದಾರೆ.

“ಕಲ್ಲು ಹಾಕೋ ಮುಂಚೆ ನೀವು ಒಂದು ಉಸಿರು ಹಿಡೀತೀರಾ. ಯಾವಾಗ್ಲೂ. ಇವತ್ತು ಹಿಡೀಲಿಲ್ಲ. ದೀಪಾವಳಿ ಹೊತ್ತಲ್ಲೂ ಒಂದ್ಸಲ ಹಿಂಗೇ ಆಯ್ತು, ಕ್ರಿಸ್ಮಸ್ ಆದ್ಮೇಲೂ ಆಯ್ತು. ಡಾಕ್ಟರಿಗೆ ತೋರಿಸಿ.”

“ಮತ್ತೆ ಒಂದು ದಿನಾನೂ ಬಾಯಿ ಬಿಡಲಿಲ್ವಲ್ಲಮ್ಮಾ? ಎಲ್ಲಾ ಗೊತ್ತಿತ್ತಾ?”

“ಪಾಠ ಹೇಳೋರನ್ನ ನಾಲ್ಕು ಜನರ ಮುಂದೆ ತಿದ್ದೋದಾ? ನಮ್ಮನೇಲಿ ಆ ಅಭ್ಯಾಸ ಇಲ್ಲ ಕಣ್ರೀ. ಅದಕ್ಕೇ ಪಾಠ ಆದ್ಮೇಲೆ ಬಸ್ ಸ್ಟಾಪಲ್ಲಿ ಆ ಗಿರಿಗೆ ಹೇಳ್ತಿದ್ದೆ, ಮನೇಗ್ ಹೋಗಿ ಇನ್ನೊಂದ್ಸಲ ಓದ್ಕೋ ಅಂತ.”

ಅಂದು ಚೌರಪ್ಪನವರು ಮನೆಗೆ ಹೋಗುವಾಗ ಯಾವ ಬೆಂಚನ್ನೂ ಮುಟ್ಟಲಿಲ್ಲವೆಂದು ಚರ್ಚ್ ಗುಡಿಸುವವರು ಗಮನಿಸಿದ್ದರು. ಲೋಕವನ್ನೆಲ್ಲ ಸಂಶಯಿಸಿದ ಮನುಷ್ಯ ತನ್ನ ತಲೆಯನ್ನೇ ಸಂಶಯಿಸಬೇಕಾಗಿ ಬಂದಾಗ ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಆದರೆ ಅವರನ್ನು ಆ ವಾರವೆಲ್ಲ ಕಾಡಿದ್ದು ಮರೆವಿನ ಭಯಕ್ಕಿಂತ ಹೆಚ್ಚಾಗಿ ಇನ್ನೊಂದು ಇಕ್ಕಟ್ಟು. ಸಾಕ್ಷಿ ಹೇಳದಿದ್ದರೆ ಅದು ಅನ್ಯಾಯ. ಹೇಳಿದರೋ, ತಮ್ಮ ಗುಟ್ಟು ಬಲ್ಲವರ ಬಾಯಿ ಮುಚ್ಚಿಸಲು ಹೇಳಿದಂತೆ. ಟಿಕೆಟ್ಟಿಲ್ಲದವರು ಅಂಗೈಗೆ ತುರುಕಬಂದ ನೋಟುಗಳನ್ನು ಎಂದೂ ಮುಟ್ಟದೆ ಸೇವೆ ಮುಗಿಸಿದವರು ಅವರು; ಈಗ ತಾವೇ ಒಬ್ಬರ ಅಂಗೈಗೆ ಏನನ್ನೋ ತುರುಕಬೇಕೇ?

ತಪಸ್ಸುಕಾಲದ ಮೊದಲ ಭಾನುವಾರ ಬಲಿಪೂಜೆಯೆನ್ನುವ ಚರ್ಚಿನ ಆರಾಧನೆಯ ನಡುವೆ ಗುರುಗಳು ಹೆಸರುಗಳನ್ನು ಕೂಗಿದರು. ಗಿರಿಯ ಹೆಸರಿಗೆ ಚೌರಪ್ಪ ಎದ್ದರು, ಸಾಕ್ಷಿ ಇದೆ ಎಂದರು. ವೇದವತಿಯವರ ಹೆಸರು ಬಂತು. ಅವರು ಏಳಲಿಲ್ಲ. ಗುರುಗಳು ಮುಂದಿನ ಹೆಸರಿನತ್ತ ಕಣ್ಣು ಹಾಯಿಸುವಷ್ಟರಲ್ಲಿ ಚೌರಪ್ಪ ಮುಂದಿನ ಬೆಂಚನ್ನು ಹಿಡಿದು ನಿಧಾನವಾಗಿ ಎದ್ದರು.

“ಫಾದರ್, ಮೊದಲು ನನ್ ಇಚಾರ. ನಂಗೆ ಮರೆವು ಬಂದೈತೆ. ಪಾಠದಲ್ಲಿ ತಪ್ಪು ಏಳ್ತಾ ಇವ್ನಿ, ನನಗೇ ಗೊತ್ತಾಗ್ದಂಗೆ. ಹೋದ್ವಾರ ಕಲ್ಲು ಅಂತ ಚಪ್ಪಾಳೆ ತಟ್ಟಿದ್ರಲ್ಲ, ಅದು ಕಲ್ಲಲ್ಲ.” ಗುಸುಗುಸು ಎದ್ದಿತು. ಅದು ಅಡಗುವವರೆಗೂ ಕಾದು ಮುಂದುವರಿಸಿದರು: “ಅದು ಮೊದಲೇ ಗೊತ್ತಿದ್ದೋರು ಈಯಮ್ಮ ಒಬ್ರೇ. ಯಾರಿಗೂ ಏಳ್ಲಿಲ್ಲ. ಈಗ ನಾನೇ ಎಲ್ರಿಗೂ ಏಳಿದ್ದಾಯ್ತು. ಇನ್ನು ಈಯಮ್ಮಂಗೂ ನಂಗೂ ಮಧ್ಯೆ ಕೊಡೋದು ತಗಳೋದು ಏನೂ ಇಲ್ಲ.” ಆಮೇಲೆ ಕೋಟನ್ನು ಎಳೆದು ನೇರಮಾಡಿಕೊಂಡರು. “ಸಾಕ್ಷಿ ಇದೆ.”

ವೇದವತಿಯವರು, ಮೂರು ವರ್ಷಗಳಲ್ಲಿ ಮೊದಲ ಬಾರಿಗೆ, ತಲೆದೂಗಲಿಲ್ಲ. ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದರು.

ಈಗ ಪಾಠವನ್ನು ಬೇರೆಯವರು ಹೇಳುತ್ತಾರೆ. ಚೌರಪ್ಪನವರು ಕಲಿಯುವವರ ಸಾಲಿನಲ್ಲಿ, ಒಂಟೆಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ. ದೀಕ್ಷೆ ಪಡೆದ ಮೇಲೂ ವೇದವತಿಯವರು ಬಂದು ಅವರ ಮಗ್ಗುಲಲ್ಲಿ ಕೂರುತ್ತಾರೆ. ಹೊಸ ಉಪದೇಶಿ ಏನಾದರೂ ಹೇಳಿದಾಗ ಇವರು ಕತ್ತು ವಾಲಿಸಿ ಆಕೆಯತ್ತ ನೋಡುವರು. ಆಕೆ ತಲೆದೂಗಿದರೆ ಇವರೂ ತಲೆದೂಗುವರು.

ಈ ವೃತ್ತಾಂತವನ್ನೆಲ್ಲ ಕೇಳಿದ ಮೇಲೆ ನನ್ನಲ್ಲೊಂದು ಕಳವಳ ಹುಟ್ಟಿತು. ಚೌರಪ್ಪನವರು ನನಗೆ ಗಂಟೆಗಟ್ಟಲೆ ಹೇಳಿದ ಕೇರಿಯ ಚರಿತ್ರೆಯಲ್ಲಿಯೂ, ನಾನು ಓದಿ ಬಂದಿದ್ದೇನೆಯೇ ಎಂದು ಪರೀಕ್ಷಿಸಲು, ಕಲ್ಲುಗಳಿರಬಹುದಲ್ಲವೇ? ಪ್ಲೇಗಿನ ವರ್ಷ ಊರನ್ನು ಕಾಯ್ದ ಸಂತನ ಕಥೆಗೆ ನಾನು ಎಷ್ಟು ಶ್ರದ್ಧೆಯಿಂದ ತಲೆದೂಗಿದ್ದೆನೆಂಬುದು ನೆನಪಾಗಿ ಕಸಿವಿಸಿಯಾಯಿತು. ಧ್ವನಿಮುದ್ರಿಕೆಯನ್ನು ವೇದವತಿಯವರ ಬಳಿಗೆ ಒಯ್ದು, ಉಸಿರು ಹಿಡಿದದ್ದು ಎಲ್ಲೆಲ್ಲಿ ಎಂದು ಹೇಳಬೇಕೆಂದು ಕೇಳಿಕೊಂಡೆ. ಆಕೆ ಹೆಡ್‌ಫೋನ್ ಹಾಕಿಕೊಂಡು, ಹಳೆಯ ಅಭ್ಯಾಸದಂತೆ ಕಣ್ಣು ಅರೆಮುಚ್ಚಿ ಬಹಳ ಹೊತ್ತು ಆಲಿಸಿದರು. ಒಮ್ಮೆ ನಕ್ಕರು. ಆಮೇಲೆ ಅದನ್ನು ತೆಗೆದು ನನ್ನ ಕೈಗಿತ್ತರು.

“ಕೇಳಿಸ್ತು. ಆದ್ರೆ ನಾನು ಹೇಳಲ್ಲ ಕಣ್ರೀ. ನೀವೇ ಹೋಗಿ ಅವರನ್ನ ಕೇಳಿ.”

ಪ್ರತಿಯೊಂದು ಧರ್ಮಸಭೆಯ ಬಾಗಿಲಲ್ಲೂ, ಪ್ರತಿಯೊಂದು ಮಠದ, ಸಂಘದ, ಮನೆತನದ ಹೊಸ್ತಿಲಲ್ಲೂ ಇಂಥ ಒಬ್ಬರು ನಿಂತಿರುತ್ತಾರೆ. ಒಳಗಿರುವುದನ್ನು ಅವರು ಎಷ್ಟು ಅಮೂಲ್ಯವೆಂದು ಎಣಿಸಿರುತ್ತಾರೆಂದರೆ, ಅದನ್ನು ಬೇಡಿ ಬಂದವರೆಲ್ಲ ಕದಿಯಲು ಬಂದವರಂತೆಯೇ ಅವರಿಗೆ ಕಾಣುತ್ತಾರೆ. ಅವರನ್ನು ಕಠಿಣರೆಂದು ನಾವು ದೂರುತ್ತೇವೆ. ಅವರ ಒಂಟಿತನ ನಮ್ಮ ಗಮನಕ್ಕೆ ಬರುವುದಿಲ್ಲ. ತುಂಬಿದ ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ ನಿಲ್ಲಲು ಹಕ್ಕುಳ್ಳವನು ತಪಾಸಣೆಗೆ ಹತ್ತಿದವನೊಬ್ಬನೇ. ಅವನನ್ನು ಯಾರೂ ಕೇಳುವುದಿಲ್ಲ. ಯಾರಾದರೂ ಒಮ್ಮೆ ತನ್ನನ್ನು ತಡೆದು ನಿಲ್ಲಿಸಿ ಕೇಳಲಿ ಎಂದು ಒಳಗೊಳಗೇ ಕಾಯುತ್ತ, ಅವನು ಸಾಲಿನಿಂದ ಸಾಲಿಗೆ ಬೆಂಚುಗಳನ್ನು ಮುಟ್ಟುತ್ತ ಸಾಗುತ್ತಿರುತ್ತಾನೆ.