ಸೊನ್ನೆ ತೋರಿಸಿದ ಅಡುಗೆಮನೆ

"ಅಕ್ಕ, ಬಂದು ನಮ್ಮನೆ ಬಾಯ್ಲರ್ ಒಂಚೂರು ನೋಡ್ತೀಯಾ? ನಂಗೆ ಈ ಮನೇಲಿ ತಲೆ ಎತ್ತಕ್ಕೇ ಆಗ್ತಿಲ್ಲ" ಅಂತ ತಂಗಿ ಫೋನ್ ಮಾಡಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ಪುಟ್ಟಿಯ ತಲೆನೋವು ನಮ್ಮ ಕುಟುಂಬದಲ್ಲಿ ಹೆಸರುವಾಸಿ. ಪರೀಕ್ಷೆಯ ದಿನ, ಪಾತ್ರೆ ತೊಳೆಯುವ ಸರದಿಯ ದಿನ ತಪ್ಪದೆ ಹಾಜರಾಗುತ್ತಿತ್ತು. ಮದುವೆಯಾದರೂ ಇವಳ ನಾಟಕ ಮುಗಿಯಲಿಲ್ಲವಲ್ಲ ಅಂತ ಗೊಣಗುತ್ತಲೇ ಹೊರಟೆ. ಮನೆ ಬೆಚ್ಚಗಿಡುವ ಗ್ಯಾಸ್ ಬಾಯ್ಲರ್ ರಿಪೇರಿ ನನ್ನ ಕಸುಬು. ಊರಿನವರ ಬಾಯ್ಲರೆಲ್ಲ ನೋಡಿ ತಂಗಿಯದನ್ನು ನೋಡದಿದ್ದರೆ ಅಮ್ಮ ಬಿಡುತ್ತಾಳೆಯೇ?

ಬಾಗಿಲು ತೆರೆದದ್ದು ಪುಟ್ಟಿಯ ಅತ್ತೆ. ಹೊಗೆ ಅಳೆಯುವ ಮೀಟರನ್ನು ಹೊಸ್ತಿಲಾಚೆ ನಿಂತೇ ಆನ್ ಮಾಡುವುದು ನನ್ನ ಅಭ್ಯಾಸ. ಅವರು ಬಿಡಬೇಕಲ್ಲ!

"ಬೇಗ ಒಳಗೆ ಬಾರಮ್ಮ, ಬೆಚ್ಚಗಿರೋದೆಲ್ಲ ಹೊರಗೆ ಹೋಗ್ತಿದೆ" ಅಂತ ತೋಳು ಹಿಡಿದು ಎಳೆದರು. ಬಾಗಿಲು ಹಾಕಿ, ಅದರ ಸಂದಿಗೆ ಸುತ್ತಿಟ್ಟ ಟವೆಲನ್ನು ಕಾಲಲ್ಲೇ ಒತ್ತಿದರು. ನಾನು ಬಾಯ್ಲರ್ ಇದ್ದ ಅಡುಗೆಮನೆಯ ಕಟ್ಟೆಯ ಮೇಲೆ ಮೀಟರ್ ಇಟ್ಟು ಅಲ್ಲೇ ಆನ್ ಮಾಡಿದೆ. ಅವರ ದೂರು ಆಗಲೇ ಶುರುವಾಗಿತ್ತು.

"ಮಧ್ಯಾಹ್ನ ಆದ್ರೂ ಹಾಸಿಗೆ ಬಿಡಲ್ಲ ನಿನ್ನ ತಂಗಿ. ತವರಿಗೆ ಹೋದ್ರೆ ಮಾತ್ರ ಜಿಂಕೆ ಥರ ಓಡಾಡ್ತಾಳಂತೆ. ಅದ್ಯಾವ ತಲೆನೋವಮ್ಮ, ವಿಳಾಸ ನೋಡ್ಕೊಂಡು ಬರೋದು?"

ನನಗೆ ನಗು ಬಂತು. ನಕ್ಕೆ ಕೂಡ. ಅದು ಈಗಲೂ ಚುಚ್ಚುತ್ತದೆ.

ಮೇಲೆ ಹೋಗಿ ನೋಡಿದರೆ ಪುಟ್ಟಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅಡುಗೆಮನೆಯ ನೆತ್ತಿಗೇ ಅವಳ ಕೋಣೆ. "ನೋಡಿದ್ಯಾ?" ಅಂದಳು, ಕಣ್ಣು ಬಿಡದೆ. "ನೋಡ್ತೀನಿ ಮಲಗು" ಅಂತ ಕೆಳಗಿಳಿದೆ.

ಮೀಟರಿನ ಕೊಳವೆಯನ್ನು ಅಡುಗೆಮನೆಯ ಗಾಳಿಗೆ ಹಿಡಿದೆ. ವಿಷಗಾಳಿ, ಅಂದರೆ ಕಾರ್ಬನ್ ಮೋನಾಕ್ಸೈಡ್, ಸೊನ್ನೆ. ಬಾಯ್ಲರಿನ ಹೊಗೆ ಹೋಗುವ ಪೈಪಿಗೆ ತೂರಿಸಿದೆ. ಸ್ವಲ್ಪ ತೋರಿಸಿತು, ಗಾಬರಿಪಡುವಷ್ಟಲ್ಲ. ಹಾಗಾದರೆ ಎಲ್ಲ ಸರಿ. ಆದರೆ ಬಾಯ್ಲರಿನ ಕಿಂಡಿಯಿಂದ ಕಂಡ ಉರಿ ನೀಲಿಯಾಗಿರಲಿಲ್ಲ. ಹಳದಿ, ಸೋಮಾರಿ ಉರಿ, ಗ್ಯಾಸ್ ಪೂರ್ತಿ ಉರಿಯದೆ ವಿಷ ಕಕ್ಕುವಾಗಿನ ಉರಿ. ಮೇಲ್ಗಡೆ ಮಸಿ ಬೇರೆ. ಉರಿ ಒಂದು ಹೇಳುತ್ತಿತ್ತು, ಮೀಟರ್ ಇನ್ನೊಂದು.

ಮೀಟರೇ ಕೆಟ್ಟಿರಬೇಕು ಅಂದುಕೊಂಡೆ. ಹೊಗೆಯ ತೇವ ನೀರಾಗಿ ತುಂಬಿಕೊಳ್ಳುವ ಅದರ ಡಬ್ಬಿ ಬಿಚ್ಚಿ ಖಾಲಿ ಮಾಡಿದೆ. ಫಿಲ್ಟರ್ ಬದಲಾಯಿಸಿದೆ. ಕೊಳವೆಯ ತುದಿಯನ್ನು ಬೆರಳಿಂದ ಮುಚ್ಚಿದೆ. ಪಂಪು ಉಸಿರುಕಟ್ಟಿದ ಹಾಗೆ ನರಳಿತು, ಅಂದರೆ ಎಲ್ಲೂ ಸೋರುತ್ತಿಲ್ಲ. ಮತ್ತೆ ಗಾಳಿಗೆ ಹಿಡಿದೆ. ಮತ್ತದೇ ಸೊನ್ನೆ.

"ಏನೂ ಇಲ್ಲ ತಾನೆ?" ಅತ್ತೆಯ ದನಿಯಲ್ಲಿ ಗೆದ್ದ ಖುಷಿ.

"ಮೀಟರ್ ಪ್ರಕಾರ ಏನೂ ಇಲ್ಲ" ಅಂದೆ. ಅಷ್ಟರಲ್ಲಿ ನನಗೂ ಹಣೆ ಸಿಡಿಯತೊಡಗಿತ್ತು. ಇವರ ಮಾತು ಕೇಳಿದರೆ ಯಾರಿಗೆ ಸಿಡಿಯುವುದಿಲ್ಲ ಅಂದುಕೊಂಡು, ತಲೆ ತಣ್ಣಗಾಗಲಿ ಅಂತ ಮೀಟರ್ ಕೈಯಲ್ಲಿದ್ದಂತೆಯೇ ಹಿತ್ತಲ ಬಾಗಿಲು ತೆರೆದು ಹೊರಗೆ ಹೋದೆ.

ತಣ್ಣನೆ ಗಾಳಿ ಮುಖಕ್ಕೆ ಬಡಿಯಿತು. ಸುಮ್ಮನೆ ಕೆಳಗೆ ನೋಡಿದೆ. ಮೀಟರಿನ ಅಂಕಿ ಇಳಿಯುತ್ತಿತ್ತು. ಸೊನ್ನೆ ದಾಟಿ ಇನ್ನೂ ಕೆಳಕ್ಕೆ. ಮೈನಸ್ ಇಪ್ಪತ್ತು, ಮೈನಸ್ ಅರವತ್ತು, ಮೈನಸ್ ತೊಂಬತ್ತು.

ಗಾಳಿಯಲ್ಲಿ ವಿಷ ಇರಬಹುದು, ಇಲ್ಲದಿರಬಹುದು. ಸೊನ್ನೆಗಿಂತ ಕಮ್ಮಿ ಇರುವುದು ಹೇಗೆ?

ಆಗ ಹೊಳೆಯಿತು. ಆನ್ ಮಾಡಿದ ಕೂಡಲೇ ಸುತ್ತ ಇರುವ ಗಾಳಿಯನ್ನು ಎಳೆದುಕೊಂಡು, ಇದೇ ಶುದ್ಧ ಗಾಳಿ ಅಂತ ನಂಬಿ, ಅಲ್ಲಿಂದ ಸೊನ್ನೆ ಹಿಡಿಯುವ ಮೀಟರ್ ಅದು. ಅದಕ್ಕೇ ಹೊಸ್ತಿಲಾಚೆ ಆನ್ ಮಾಡಬೇಕು. ನಾನು ಅಡುಗೆಮನೆಯ ವಿಷವನ್ನೇ ಕುಡಿಸಿ ಇದು ಶುದ್ಧ ಅಂತ ಹೇಳಿಕೊಟ್ಟಿದ್ದೆ. ಪಾಪದ ಮೀಟರ್ ನಂಬಿತ್ತು. ಪುಟ್ಟಿ ಆ ವಿಷದ ನೆತ್ತಿಯ ಮೇಲೆ ಮಲಗಿದ್ದಳು.

"ಹೊರಗೆ ಬನ್ನಿ! ಏನೂ ಕೇಳಬೇಡಿ, ಹೊರಗೆ ಬನ್ನಿ!" ಅಂತ ಕಿರುಚುತ್ತಾ ಒಳಗೆ ನುಗ್ಗಿದೆ. ಗ್ಯಾಸ್ ಬಂದ್ ಮಾಡಿ ಕಿಟಕಿ ತಳ್ಳಿದೆ. ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ. ಪುಟ್ಟಿಯನ್ನು ಅಲುಗಾಡಿಸಿದರೆ ತಲೆ ಒಂದು ಕಡೆಗೆ ವಾಲಿತು.

"ಪುಟ್ಟೀ! ಏಳೇ! ನಾಟಕ ಅಲ್ಲ ಅಂತ ಗೊತ್ತಾಯ್ತು ಕಣೇ, ಏಳೇ!"

ಏನೋ ಗೊಣಗಿದಳು. ಆ ಗೊಣಗಾಟದಷ್ಟು ಚೆಂದದ ಮಾತು ನಾನು ಕೇಳಿಲ್ಲ. ಕಂಕುಳಿಗೆ ಕೈ ಹಾಕಿ ಎತ್ತಿದೆ, ಭಾರ ತಡೆಯಲಾಗಲಿಲ್ಲ. ಆಗ ಇನ್ನೊಂದು ಕಡೆಯಿಂದ ಹೆಗಲು ಬಂತು. ಹೊರಗೆ ಬನ್ನಿ ಅಂದರೂ ಅತ್ತೆ ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದಿದ್ದರು.

ಹಿತ್ತಲಿನ ಕಲ್ಲುಬೆಂಚಿನ ಮೇಲೆ ಪುಟ್ಟಿಯನ್ನು ಕೂರಿಸಿ ಕಂಬಳಿ ಸುತ್ತಿದೆವು. ಆಂಬುಲೆನ್ಸಿಗೆ ಫೋನ್ ಮಾಡಿದೆ. ಅವಳು ಒಂದು ಸಲ ವಾಂತಿ ಮಾಡಿ ಕಣ್ಣು ತೆರೆದಳು. ನಾನು ಬಾಯ್ಲರ್ ಇದ್ದ ಗೋಡೆಯ ಹೊರಬದಿ ನೋಡಿದೆ. ಬಾಯ್ಲರ್ ಸರಿಯಾಗಿ ಉರಿಯಲು ಬೇಕಾದ ಗಾಳಿ ಒಳಗೆ ಹೋಗುವ ಜಾಲರಿಯ ತುಂಬಾ ಹಳೇ ಬಟ್ಟೆ.

"ನಾನೇ ತುರುಕಿದ್ದು" ಅಂದರು ಅತ್ತೆ, ಮೆಲ್ಲಗೆ. "ಚಳಿ ಚಳಿ ಅಂತಿದ್ಲು. ಬೆಚ್ಚಗಿರ್ಲಿ ಅಂತ."

ನಾನು ಆ ಬಟ್ಟೆಯನ್ನೆಲ್ಲ ಎಳೆದು ಹಾಕಿದೆ. ಅವರು ಹಣೆ ಒತ್ತಿಕೊಂಡರು.

"ನಂಗೂ ನೋಯ್ತಿತ್ತು. ಹೇಳಿದ್ರೆ ನಂದೂ ನಾಟಕ ಅಂತೀರ ಅಂತ ಸುಮ್ನಿದ್ದೆ."

ಮೀಟರನ್ನು ಹಿತ್ತಲಿನ ಗಾಳಿಯಲ್ಲಿ ಆಫ್ ಮಾಡಿ ಆನ್ ಮಾಡಿದೆ. ಅಡುಗೆಮನೆ ಬಾಗಿಲವರೆಗೆ ಹೋಗಿ, ಉಸಿರು ಹಿಡಿದು, ಕೊಳವೆಯನ್ನಷ್ಟೇ ಒಳಗೆ ಚಾಚಿದೆ. ಕಿಟಕಿ ತೆರೆದಿದ್ದರೂ ಅಂಕಿ ಏರಿತು. ಅದನ್ನು ತಂದು ಪುಟ್ಟಿಯ ಮುಂದೆ ಹಿಡಿದೆ.

"ನೋಡು. ಈಗ ಸರಿಯಾಗಿ ತೋರಿಸ್ತಿದೆ."

ಅವಳು ನೋಡಲಿಲ್ಲ.

"ನಂಗ್ಯಾಕೆ ತೋರಿಸ್ತೀಯ?" ಅಂದಳು. "ನಾನು ಫೋನಲ್ಲೇ ಹೇಳಿದ್ನಲ್ಲ."

ಮೀಟರನ್ನು ನೆಲದ ಮೇಲಿಟ್ಟು ಅವಳ ತಣ್ಣನೆ ಪಾದಗಳನ್ನು ಉಜ್ಜುತ್ತಾ ಕೂತೆ.