ಟ್ರಾಲಿಬಸ್ಸಿನಲ್ಲಿ ನಡೆದ ಮದ್ದಿನ ಪಾಠ

ಪ್ಲೆವೆನ್ ಊರಿನಲ್ಲಿ ನಾನು ಟ್ರಾಲಿಬಸ್ ಓಡಿಸಲು ತೊಡಗಿ ಹತ್ತೊಂಬತ್ತು ವರ್ಷವಾಯಿತು. ನನ್ನ ದಾರಿ ವೈದ್ಯಕೀಯ ಕಾಲೇಜಿನ ಮುಂದೆಯೇ ಹೋಗುತ್ತದೆ. ಹುಡುಗರು ಹುಡುಗಿಯರು ನನ್ನ ಬೆನ್ನ ಹಿಂದೆ ನಿಂತು ಯಾವ ರೋಗಕ್ಕೆ ಮೊದಲು ಯಾವ ಮದ್ದು ಎಂದು ಉರುಹೊಡೆಯುತ್ತಾರೆ. ಕೇಳಿ ಕೇಳಿ ಅರ್ಧ ನನಗೂ ಬಾಯಿಪಾಠವಾಗಿದೆ.

ಆ ಜೂನ್ ಬೆಳಿಗ್ಗೆ ಬೊಯಾನಾ ಹತ್ತಿದಳು. ಔಷಧಶಾಸ್ತ್ರದ ಮೌಖಿಕ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದ ಹುಡುಗಿ. ಮೂರನೆಯದು ಅಂದು ಒಂಬತ್ತು ಗಂಟೆಗೆ. ಎಂಟೂ ಇಪ್ಪತ್ತಕ್ಕೆ ತಿರುವಿನಲ್ಲಿ ಧಡ್ ಎಂದು ಸದ್ದಾಗಿ ಬಸ್ಸು ನಿಂತೇಬಿಟ್ಟಿತು. ಬಸ್ಸಿಗೆ ಕರೆಂಟು ಎಳೆಯುವ ಮೇಲಿನ ಕೋಲು ವಿದ್ಯುತ್ ತಂತಿಯಿಂದ ಜಾರಿ, ಅದರ ತುದಿ ಮುರಿದಿತ್ತು. ಫೋನ್ ಮಾಡಿದರೆ, ರಿಪೇರಿಯವರು ಬರಲು ಕಾಲು ಗಂಟೆ ಬೇಕೆಂದರು. ನಡೆದರೆ ಮುಕ್ಕಾಲು ಗಂಟೆಯ ದಾರಿ. ಟ್ಯಾಕ್ಸಿ ಒಂದೂ ಕಾಣಲಿಲ್ಲ.

ಬೊಯಾನಾ ಅಳಲು ಶುರುಮಾಡಿದಳು. "ಪೆನ್ಕಾ ಅಕ್ಕಾ, ಎಲ್ಲಾ ಮರ್ತೇ ಹೋಯ್ತು. ಒಂದೂ ನೆನಪಿಲ್ಲ."

"ನೋಡೇಬಿಡೋಣ," ಎಂದು ನಾನು ಸೀಟು ಬಿಟ್ಟು ಎದ್ದೆ. "ಗಂಟಲಲ್ಲಿ ಕೀವು, ಜ್ವರ. ಸ್ಟ್ರೆಪ್ಟೊಕಾಕಸ್. ಏನು ಕೊಡ್ತೀಯಾ?"

"ಪೆನಿಸಿಲಿನ್..."

"ಕೇಳಿಸ್ಲಿಲ್ಲ!"

"ಪೆನಿಸಿಲಿನ್!"

"ಕಜ್ಜಿ?"

"ಪರ್ಮೆಥ್ರಿನ್ ಮುಲಾಮು. ಮನೆಯವರಿಗೆಲ್ಲಾ ಹಚ್ಬೇಕು."

"ಸಕ್ಕರೆ ಕಾಯಿಲೆ, ಎರಡನೇ ಬಗೆ?"

"ಮೆಟ್‌ಫಾರ್ಮಿನ್!"

ಚೆರ್ರಿ ಹಣ್ಣಿನ ಬುಟ್ಟಿ ಹಿಡಿದು ಕೂತಿದ್ದ ಮುದುಕ ತೋಶ್ಕೋ ಬಾಯಿ ಹಾಕಿದ. "ನನ್ನ ಹೆಂಡ್ತಿಗೆ ಉರಿಮೂತ್ರ ಆಗಿತ್ತು. ಹೇಳು ನೋಡೋಣ."

"ಜ್ವರ, ಬೆನ್ನುನೋವು ಇರ್ಲಿಲ್ಲ ತಾನೇ ತಾತಾ? ಕಿಡ್ನಿ ಸರಿ ಇದ್ರೆ ನೈಟ್ರೋಫ್ಯುರಾಂಟೊಯಿನ್."

"ಅಯ್ಯೋ, ನಮ್ಮ ಡಾಕ್ಟರೂ ಅದನ್ನೇ ಕೊಟ್ಟಿದ್ದು!"

ಇಡೀ ಬಸ್ಸು ಎದ್ದು ಮುಂದಕ್ಕೆ ಬಂತು. ಒಬ್ಬಳು ಮಗನ ಹೊಟ್ಟೆಹುಳು ಎಂದಳು, ಇನ್ನೊಬ್ಬ ಉಣ್ಣಿ ಕಚ್ಚಿ ಬಂದ ಜ್ವರ ಎಂದ. ಅವರ ಮಾತು ಮುಗಿಯುವ ಮೊದಲೇ ಬೊಯಾನಾಳ ಉತ್ತರ ಬರುತ್ತಿತ್ತು. ನನಗೂ ಹುರುಪೇರಿ, ಗೊತ್ತಿದ್ದನ್ನು ತೋರಿಸಿಕೊಳ್ಳಲು ಹೊರಟೆ.

"ಗೊನೊರಿಯಾ ಅಂದ್ರೆ ಸಿಪ್ರೊಫ್ಲಾಕ್ಸಸಿನ್ ಮಾತ್ರೆ, ಅಲ್ವಾ?"

"ಅಲ್ಲ!" ಬೊಯಾನಾ ಕೂಗಿಯೇಬಿಟ್ಟಳು. "ಅದು ಹಳೇ ಕಾಲದ್ದು ಅಕ್ಕಾ! ಆ ರೋಗಾಣು ಈಗ ಅದಕ್ಕೆ ಬಗ್ಗಲ್ಲ. ಸೆಫ್ಟ್ರಿಯಾಕ್ಸೋನ್, ಇಂಜೆಕ್ಷನ್!"

"ಪೆನ್ಕಾ, ನೀನಿದನ್ನ ಯಾರಿಗೂ ಹೇಳಿ ಕೆಡಿಸಿಲ್ಲ ತಾನೇ?" ಎಂದ ತೋಶ್ಕೋ. ಬಸ್ಸೆಲ್ಲ ನಕ್ಕಿತು. ಬೊಯಾನಾಳೂ ಕಣ್ಣೊರೆಸಿಕೊಂಡು ನಕ್ಕಳು.

ರಿಪೇರಿಯವರು ಬಂದು ತುದಿ ಬದಲಿಸಿದಾಗ ಎಂಟೂ ನಲವತ್ತಮೂರು. "ನಮ್ಮ ಸ್ಟಾಪೆಲ್ಲಾ ಬಿಡು, ವಾಪಸ್ ಬರುವಾಗ ಇಳೀತೀವಿ, ಓಡಿಸು!" ಎಂದರು ಜನ. ನಾನು ಹಾಗೆ ಓಡಿಸಿದ್ದು ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು. ಒಂಬತ್ತಕ್ಕೆ ನಾಲ್ಕು ನಿಮಿಷವಿದ್ದಾಗ ಕಾಲೇಜು ಬಂತು. ತೋಶ್ಕೋ ಅವಳಿಗಿಂತ ಮೊದಲೇ ಇಳಿದು, ಶುಭವಾಗಲೆಂದು ನಮ್ಮ ಕಡೆ ಮಾಡುವಂತೆ, ಬಾಟಲಿಯ ನೀರನ್ನೆಲ್ಲ ಅವಳ ಕಾಲಮುಂದೆ ಸುರಿದ. "ಹಿಂಗೇ ಸರಾಗ ಹರೀಲಿ ಮಗಳೇ!" ಅವಳು ಒದ್ದೆ ನೆಲವನ್ನು ತುಳಿದುಕೊಂಡೇ ಓಡಿದಳು.

ಮಧ್ಯಾಹ್ನ ಅದೇ ಸ್ಟಾಪಿನಲ್ಲಿ ಎರಡೂ ಕೈ ಬೀಸುತ್ತಾ ನಿಂತಿದ್ದಳು. ಬಾಗಿಲು ತೆರೆಯುವಷ್ಟರಲ್ಲಿ ಒಳಗೆ ಹಾರಿದಳು.

"ಕ್ಷಯದ ಪ್ರಶ್ನೆ ಬಂತು ಅಕ್ಕಾ! ನಾಲ್ಕು ಮದ್ದೂ ಒಂದೇ ಉಸಿರಲ್ಲಿ ಹೇಳ್ದೆ. ಯಾವುದು ಕಣ್ಣಿಗೆ ಕೆಟ್ಟದ್ದು ಅಂತ ಕೇಳಿದ್ರು, ಎಥಾಂಬ್ಯುಟಾಲ್ ಅಂದೆ. ಆರಕ್ಕೆ ಐದು ಕೊಟ್ರು! ಐದು!"

ನಾನು ಬ್ರೇಕು ಹಾಕಿ ಎದ್ದು ಅವಳನ್ನು ತಬ್ಬಿಕೊಂಡೆ. ಹಿಂದಿನ ಗಾಡಿಗಳೆಲ್ಲ ಹಾರನ್ ಹೊಡೆಯುತ್ತಿದ್ದವು. ಹೊಡೆಯಲಿ ಎಂದು ಬಿಟ್ಟೆ.