ಎತ್ತಿದ ಕೈ

ಯೂಟಾದಲ್ಲಿ ದೇವರಿಗೆ ಸಂಸಾರಗಳ ಬರವೇನೂ ಇರಲಿಲ್ಲ. ಆದರೆ ಯಾರನ್ನಾದರೂ ಎಲ್ಲಿಗಾದರೂ ಹೊರಡಿಸಬೇಕಾದಾಗ ಅವನಿಗೆ ಥಾರ್ಲಿ ಗಂಡಹೆಂಡಿರ ಹೆಸರೇ ಮೊದಲು ನೆನಪಾಗುತ್ತಿತ್ತು. ಇಂಗ್ಲೆಂಡಿನ ಪ್ರೆಸ್ಟನ್ನಿನಲ್ಲಿ ಮಗ್ಗದ ಕೆಲಸ ಮಾಡಿಕೊಂಡಿದ್ದವರನ್ನು ಸಮುದ್ರ ದಾಟಿಸಿದ. ಬಯಲುಸೀಮೆಯುದ್ದಕ್ಕೂ ಕೈಗಾಡಿ ಎಳೆಸಿದ. ಸಾಲ್ಟ್ ಲೇಕಿನಲ್ಲಿ ಮನೆಗೆ ಸೂರು ಹೊದಿಸುವಷ್ಟರಲ್ಲಿ ಉತ್ತರದ ಚಳಿಗೆ ಕಳಿಸಿದ, ಅಲ್ಲಿ ಮೈಗೆ ಚಳಿ ಒಗ್ಗುವಷ್ಟರಲ್ಲಿ ವಿಲೋ ಬೆಂಚ್ ಎಂಬ ಈ ಕಲ್ಲುಮರಡಿಗೆ. ಬಿಷಪ್ ಹ್ಯಾಡ್ಲಾಕರ ಬಂಧುಬಳಗದಲ್ಲಿ ಒಬ್ಬರ ಹೆಸರೂ ಈವರೆಗೆ ದೇವರ ಬಾಯಿಗೆ ಬಂದಿರಲಿಲ್ಲ. ಪಾಪ, ಉಚ್ಚಾರಣೆ ಕಷ್ಟವೇನೋ ಎಂದು ಹೆಪ್ಜಿಬಾ ಥಾರ್ಲಿ ಅಂದುಕೊಳ್ಳುತ್ತಿದ್ದಳು.

ಈ ಸಲ ದಕ್ಷಿಣದ ಮರಳುಗಾಡಿನಲ್ಲಿ ಹತ್ತಿ ಬೆಳೆಯಬೇಕಂತೆ. ಸುದ್ದಿ ತಂದವಳು ಬಿಷಪ್ಪರ ಎರಡನೆಯ ಹೆಂಡತಿ ಲೊವೈನಾ. ಆ ಮನೆಯ ಗುಟ್ಟುಗಳೆಲ್ಲ ಮೊದಲನೆಯವಳ ಮೇಲಿನ ಸಿಟ್ಟಿಗೆ ಎರಡನೆಯವಳ ಬಾಯಿಂದಲೇ ಹೊರಬೀಳುತ್ತಿದ್ದವು.

“ನಾಳೆ ಸಭೇಲಿ ನಿಮ್ಮ ಯಜಮಾನ್ರ ಹೆಸರು ಹೇಳ್ತಾರೆ ಸಿಸ್ಟರ್. ಈ ಮನೆ ಖಾಲಿಯಾದ್ರೆ ಯಾರು ಬರ್ತಾರೆ ಗೊತ್ತಾ? ದೊಡ್ಡೋಳ ಅಳಿಯ.”

“ಅದನ್ನೂ ದೇವ್ರೇ ಹೇಳಿದ್ನಾ?”

“ಅದನ್ನ ಹೇಳಿದ್ದು ದೊಡ್ಡೋಳು. ದೇವ್ರು ಬೇಡ ಅನ್ಲಿಲ್ಲ.”

ಲೊವೈನಾ ಹೋದ ಮೇಲೆ ಹೆಪ್ಜಿಬಾ ಮನೆಯ ಹಿಂದಿನ ದಿಣ್ಣೆ ಹತ್ತಿದಳು. ಅಲ್ಲಿ ಮಣ್ಣಿನಡಿ ಅವಳ ಮಗಳು ಟೇಮರ್ ಮಲಗಿದ್ದಳು. ಮಗನನ್ನು ಬಯಲಿನಲ್ಲಿ, ಕೈಗಾಡಿಯ ದಾರಿ ಪಕ್ಕದಲ್ಲೇ ಹೂಳಬೇಕಾಗಿತ್ತು. ಮಣ್ಣು ಮುಚ್ಚಿ ಅಳುವುದಕ್ಕೂ ಪುರುಸೊತ್ತಿಲ್ಲದೆ ಗಾಡಿ ಎಳೆದಿದ್ದರು. ಈಗ ಆ ಜಾಗ ಎಲ್ಲಿತ್ತೆಂದು ಅವಳಿಗೂ ಗೊತ್ತಿಲ್ಲ. ಇವಳೊಬ್ಬಳನ್ನಾದರೂ ಬಿಟ್ಟು ಹೋಗಲಾರೆ ಎಂದು ಹೆಪ್ಜಿಬಾ ಅಲ್ಲೇ ತೀರ್ಮಾನಿಸಿದಳು. ಗಂಡ ಎನೋಸನಿಗೆ ಹೇಳಲಿಲ್ಲ. ಮಗ್ಗದ ಸದ್ದಿಗೆ ಹರೆಯದಲ್ಲೇ ಕಿವಿ ಕಳೆದುಕೊಂಡ ಅವನಿಗೆ ಗುಟ್ಟು ಹೇಳುವುದೆಂದರೆ ಊರಿಗೆ ಡಂಗುರ ಸಾರಿದ ಹಾಗೆ. ಸಾಲದ್ದಕ್ಕೆ ಅವನು ಕರೆ ಬಂತೆಂದರೆ ಹಿಂದೆಮುಂದೆ ನೋಡದೆ ಗಂಟುಮೂಟೆ ಕಟ್ಟುವ ಭಕ್ತ.

ದೇವರ ಮಾತಾದರೂ ಸಭೆ ಬಲಗೈ ಎತ್ತಿ ಒಪ್ಪಬೇಕು ಎನ್ನುವುದು ತಮ್ಮನ್ನು ಸಂತರೆಂದೇ ಕರೆದುಕೊಳ್ಳುವ ಈ ಪಂಥದವರ ಪದ್ಧತಿ. “ಒಪ್ಪುವವರು ಕೈ ಎತ್ತಿ” ಎಂದರೆ ಕಾಡು ಬೆಳೆದಂತೆ ಕೈಗಳು ಏಳುತ್ತಿದ್ದವು. “ವಿರೋಧವಿದ್ದವರು ಎತ್ತಿ” ಎಂದೂ ಕೇಳುವುದಿತ್ತು. ಬಿಷಪ್ಪರು ಅದನ್ನು ಮೂಗು ಒರೆಸಿಕೊಳ್ಳುತ್ತಾ ಕೇಳುತ್ತಿದ್ದರು. ಆ ಊರಿನಲ್ಲಿ ಆ ಕೈಯನ್ನು ಯಾರೂ ನೋಡಿರಲಿಲ್ಲ. ಎನೋಸನಿಗೆ ಎರಡೂ ಕೇಳಿಸುತ್ತಿರಲಿಲ್ಲ. ಓರೆಗಣ್ಣಿನಲ್ಲಿ ಹೆಂಡತಿಯನ್ನು ನೋಡಿ, ಅವಳು ಎತ್ತಿದರೆ ತಾನೂ ಎತ್ತುತ್ತಿದ್ದ. ಈ ವಿದ್ಯೆಯಲ್ಲಿ ಅವನು ಎತ್ತಿದ ಕೈ. ಅವನ ಹಿಂದಿನ ಬೆಂಚುಗಳಲ್ಲಿ ಡೆನ್ಮಾರ್ಕಿನಿಂದ ಹೊಸದಾಗಿ ಬಂದ ಸಂಸಾರಗಳು ಕೂರುತ್ತಿದ್ದವು. ಇಂಗ್ಲಿಷಿನಲ್ಲಿ ಅವರಿಗೆ ಆಮೆನ್ ಒಂದೇ ಬರುತ್ತಿದ್ದದ್ದು. ಅವರೆಲ್ಲರೂ ಎದುರಿಗಿದ್ದ ಎನೋಸನ ಉದ್ದನೆಯ ತೋಳನ್ನು ನೋಡಿಕೊಂಡು ದೇವರಿಗೆ ಸಮ್ಮತಿ ಕೊಡುತ್ತಿದ್ದರು.

ಭಾನುವಾರ ಬಿಷಪ್ಪರು ಕರೆಯನ್ನು ಓದಿದರು. ಬ್ರದರ್ ಎನೋಸ್ ಥಾರ್ಲಿ, ಹತ್ತಿ, ಮರಳುಗಾಡು, ದೇವರ ಮಹಿಮೆ. ಒಪ್ಪುವವರು?

ಬಿಷಪ್ಪರ ನೆಂಟರಿಷ್ಟರು ತುಂಬಿದ್ದ ಮುಂದಿನ ಸಾಲುಗಳಲ್ಲಿ ಕೈಗಳು ಎದ್ದವು. ಹೆಪ್ಜಿಬಾ ತನ್ನ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕೂತಳು. ಎನೋಸ್ ಓರೆಗಣ್ಣಲ್ಲಿ ನೋಡಿ ಸುಮ್ಮನಾದ. ಅವನ ಹಿಂದೆ ಡೆನ್ಮಾರ್ಕೂ ಸುಮ್ಮನಾಯಿತು.

“ವಿರೋಧವಿದ್ದವರು?” ಬಿಷಪ್ಪರ ಕರವಸ್ತ್ರ ಆಗಲೇ ಮೂಗಿನ ಹತ್ತಿರವಿತ್ತು.

ಹೆಪ್ಜಿಬಾ ಕೈ ಎತ್ತಿದಳು. ಪಕ್ಕದಲ್ಲೇ ಎನೋಸನ ಕೈ ಎದ್ದಿತು. ಆಮೇಲೆ ಬೊಚ್ಚುಬಾಯಿಯ ಅಜ್ಜಿಯಿಂದ ಹಿಡಿದು ಎಳೆಯ ಸೊಸೆಯಂದಿರವರೆಗೆ ಡೆನ್ಮಾರ್ಕಿನವರೆಲ್ಲ ಶ್ರದ್ಧೆಯಿಂದ ಕೈ ಎತ್ತಿದರು.

“ಇದು ವಿರೋಧಿಸೋ ಕೈ, ಗೊತ್ತಾಯ್ತಾ?” ಬಿಷಪ್ಪರು ಗದರಿಸಿದರು. ಕೈ ಎತ್ತಿದ್ದು ಸಾಲದಾಯಿತೆಂದುಕೊಂಡು ಡೆನ್ಮಾರ್ಕಿನವರು ಇನ್ನಷ್ಟು ಮೇಲಕ್ಕೆ ಎತ್ತಿದರು.

“ಸಿಸ್ಟರ್ ಥಾರ್ಲಿ, ದೇವ್ರ ಕರೆಗೇ ಅಡ್ಡ ಬರ್ತೀರಾ?”

“ಕರೆ ದೇವ್ರದ್ದೇ ಇರಬಹುದು ಬಿಷಪ್ಪರೇ. ಹೋಗೋಕ್ಮುಂಚೆನೇ ನಮ್ಮನೆಗೆ ನಿಮ್ಮ ಅಳಿಯನ್ನ ಗೊತ್ತು ಮಾಡಿದ್ದು ಯಾರು?”

ಲೊವೈನಾಗೆ ಜೋರು ಕೆಮ್ಮು ಬಂತು. ಮೊದಲನೆಯ ಹೆಂಡತಿ ತಿರುಗಿ ಅವಳನ್ನೇ ದುರುಗುಟ್ಟಿದಳು. ಎತ್ತಿದ ಕೈಗಳು ಇಳಿಯುವ ಲಕ್ಷಣ ಕಾಣಲಿಲ್ಲ. ಬಿಷಪ್ಪರು ಗಂಟಲು ಸರಿಮಾಡಿಕೊಂಡು, “ದೇವರನ್ನ ಇನ್ನೊಂದ್ಸಲ ಕೇಳಿ ನೋಡೋಣ” ಎಂದರು. ದೇವರು ಬುದ್ಧಿವಂತ. ಸಭೆ ಮುಗಿಯುವುದರೊಳಗೆ ಅವನಿಗೆ ಹತ್ತಿಯ ಮೇಲಿನ ಆಸೆ ಹೋಗಿತ್ತು.

ಮನೆ ದಾರಿಯಲ್ಲಿ ಎನೋಸ್ ಕೇಳಿದ, “ಯಾಕೆ ಎಲ್ರೂ ನನ್ನೇ ನೋಡ್ತಿದ್ರು? ಯಾವುದಕ್ಕೆ ಕೈ ಎತ್ತಿದ್ದು ನಾವು?”

ಅವಳು ಅವನ ಕಿವಿಗೆ ಬಾಯಿಟ್ಟು ಕೂಗಿದಳು. “ಮರಳುಗಾಡಿಗೆ ಕಳಿಸ್ತಿದ್ರು ಕಣ್ರೀ. ಆಗಲ್ಲ ಅಂದೆ. ನಿಮ್ಮನ್ನ ಒಂದ್ಮಾತು ಕೇಳ್ಲಿಲ್ಲ. ಬೈಯೋದಿದ್ರೆ ಬೈದುಬಿಡಿ.”

“ಬೈಯೋದ್ಯಾಕೆ?” ಎನೋಸ್ ನಿಂತ. ಅವನ ಮುಖ ಹಗುರಾಗಿತ್ತು. “ನಂಗೆ ಪ್ರೆಸ್ಟನ್ ಬಿಟ್ಟು ಬರೋಕೇ ಇಷ್ಟ ಇರ್ಲಿಲ್ಲ ಕಣೇ.”

ಹೆಪ್ಜಿಬಾ ದಂಗಾದಳು. “ಮತ್ತೆ ಯಾಕೆ ಬಂದ್ರಿ?” ಎಂದು ಅವನ ಕಿವಿಗೇ ಕೂಗಿದಳು.

“ಅವತ್ತು ಬೋಧಕರು ಜಿಯಾನಿಗೆ, ಅದೇ ಈ ಯೂಟಾಕ್ಕೆ, ಯಾರ್ಯಾರು ಬರ್ತೀರಿ ಅಂತ ಕೇಳಿದ್ರಂತಲ್ಲ. ನಂಗೆಲ್ಲಿ ಕೇಳಿಸ್ಬೇಕು? ನಿನ್ನ ಕಡೆ ನೋಡ್ದೆ. ನೀನು ಎತ್ತಿದ್ದೆ.”

ಅವಳಿಗೆ ಆ ಸಂಜೆ ಚೆನ್ನಾಗಿ ನೆನಪಿತ್ತು. ಗಂಡ ತನ್ನತ್ತ ತಿರುಗಿ ಕಣ್ಣರಳಿಸಿ ನೋಡಿದ್ದ. ಮಗ ಅವಳ ತೊಡೆಯ ಮೇಲಿದ್ದ. ಮಗುವನ್ನು ಎಡಗೈಗೆ ಬದಲಿಸಿಕೊಂಡು ಬಲಗೈ ಎತ್ತಿದ್ದಳು.

“ಹೋಗೋಣ ಅಂತ ನೋಡಿದ್ರಿ ಅಂದ್ಕೊಂಡೆ ರೀ,” ಎಂದಳು.

“ಏನಂದೆ?”

ಅದನ್ನು ಕೂಗಿ ಹೇಳುವ ಧೈರ್ಯ ಅವಳಿಗೆ ಬರಲಿಲ್ಲ.